ಏಳು ಸಲ ಕರೆಯುವ ಹೆಸರು

ಅವನ ಹೆಸರು ಹೇಳುವುದಿಲ್ಲ. ನೀವೂ ಕೇಳಬೇಡಿ.

ಸತ್ತವರ ಹೆಸರನ್ನು ನಾವು ಬಾಯಿಗೆ ತರುವುದಿಲ್ಲ. ಅದೇ ಹೆಸರಿನವರು ಊರಲ್ಲಿ ಬೇರೆ ಯಾರಾದರೂ ಇದ್ದರೆ ಅವರನ್ನೂ ಆಮೇಲೆ ಕುಮಂಜೈ ಎಂದೇ ಕರೆಯುತ್ತೇವೆ. ಹೆಸರಿಲ್ಲದವನು ಎಂದುಕೊಳ್ಳಿ. ವರ್ಷಗಟ್ಟಲೆ ಹಾಗೇ. ಫೋಟೋ ಇದ್ದರೆ ಗೋಡೆ ಕಡೆ ತಿರುಗಿಸಿ ಇಡುತ್ತೇವೆ. ಹೆಸರು ಹಿಡಿದು ಕರೆದರೆ ಹೋಗುತ್ತಿರುವವನು ನಿಲ್ಲುತ್ತಾನೆ. ನಿಂತವನು ಹೋಗುವುದು ಯಾವಾಗ?

ನಾನು ಲೋರ್ನಾ. ಆಲಿಸ್ ಸ್ಪ್ರಿಂಗ್ಸ್ ಊರಿನ ಅಂಚಿನಲ್ಲಿರುವ ಮೂಲನಿವಾಸಿಗಳ ಕ್ಯಾಂಪಿನವಳು. ವಯಸ್ಸು ಐವತ್ತೆರಡು. ಇಪ್ಪತ್ತಾರು ವರ್ಷದಿಂದ ನಾಟಕ ಮಾಡುತ್ತಿದ್ದೇನೆ. ಬಿಳಿಯರ ಕಂಪನಿ, ಬಿಳಿಯರು ಬರೆದ ನಾಟಕ, ಅದರಲ್ಲಿ ಒಬ್ಬಳು ಕರಿಯ ಹೆಂಗಸು. ಆ ಹೆಂಗಸು ನಾನು. ಒಂದೋ ನಾನು ಸಾಯುತ್ತೇನೆ, ಇಲ್ಲವೇ ನನ್ನ ಮಗ ಸಾಯುತ್ತಾನೆ. ಮೂರನೆಯ ಪಾತ್ರ ನನಗೆ ಯಾರೂ ಕೊಟ್ಟಿಲ್ಲ.

ಸಿನಿಮಾದವರು ಎರಡು ಸಲ ಕರೆದರು. ಹೋಗಲಿಲ್ಲ. ಸಿನಿಮಾ ಮಾಡಿದರೆ ಸತ್ತ ಮೇಲೂ ಮುಖ ಓಡಾಡುತ್ತಿರುತ್ತದೆ. ನನ್ನವರು ಟಿವಿ ಹಚ್ಚಲು ಹೆದರಬೇಕು. ನಾಟಕ ಹಾಗಲ್ಲ. ಆ ದಿನ ಆಡಿದ್ದು ಆ ದಿನವೇ ಮುಗಿಯುತ್ತದೆ. ದೀಪ ಆರಿದ ಮೇಲೆ ನೆಲದ ಮೇಲೆ ಏನೂ ಉಳಿದಿರುವುದಿಲ್ಲ. ಅದನ್ನು ನಂಬಿ ನಾನು ರಂಗದ ಮೇಲೆ ಉಳಿದೆ. ಎಂಥ ಪೆದ್ದಿ ನಾನು!

ನನಗೆ ಹೆಸರು ತಂದ ನಾಟಕ ಒಂದೇ. ಅದರಲ್ಲಿ ತಾಯಿಯೊಬ್ಬಳು ಸತ್ತ ಮಗನನ್ನು ಏಳು ಸಲ ಹೆಸರು ಹಿಡಿದು ಕರೆಯುತ್ತಾಳೆ. ಏಳನೆಯ ಸಲಕ್ಕೆ ಮಂಡಿ ಊರಿ ಬೀಳುತ್ತಾಳೆ. ಕಲ್ಲು ತೆಗೆದುಕೊಂಡು ತಲೆಗೆ ಹೊಡೆದುಕೊಳ್ಳುತ್ತಾಳೆ. ಆಮೇಲೆ ಅಳುತ್ತಾಳೆ. ಕಲ್ಲು ಥರ್ಮೋಕೋಲಿನದು. ಮಂಡಿ ಮಾತ್ರ ನಿಜವಾದದ್ದು. ಮರದ ಹಲಗೆಯ ಮೇಲೆ ಟೇಪು ಅಂಟಿಸಿದ ಅದೇ ಗುರುತಿಗೆ ದಿನಾ ಬಿದ್ದು ನನ್ನ ಎಡಮಂಡಿ ಹಲಸಿನಕಾಯಿಯಾಗಿದೆ. ಆಟ ಮುಗಿದ ಮೇಲೆ ಬಕೆಟ್ಟಿಗೆ ಐಸು ಹಾಕಿ ಕಾಲು ಇಳಿಬಿಟ್ಟುಕೊಂಡು ಕೂರುತ್ತೇನೆ. ಕೂಗಿ ಕೂಗಿ ಗಂಟಲು ಹರಿದು ಉಗುಳಿದರೆ ಕೆಲವು ದಿನ ಕೆಂಪು ಇರುತ್ತದೆ.

ಆ ಅಳು ಬರೆದವನು ಬರೆದದ್ದಲ್ಲ. ಪುಸ್ತಕದಲ್ಲಿ "ತಾಯಿ ಅಳುತ್ತಾಳೆ" ಎಂದಷ್ಟೇ ಇದೆ. ಮೊದಲ ಸಲ ಆಡಿದಾಗ ನನಗೆ ಇಪ್ಪತ್ತಾರು. ಅಜ್ಜಿಯನ್ನು ಮಣ್ಣು ಮಾಡಿ ಬಂದು ಆಗಿನ್ನೂ ಎರಡೇ ತಿಂಗಳಾಗಿತ್ತು. ತಾಲೀಮಿನಲ್ಲಿ ನಿರ್ದೇಶಕ ಅಲಿಸ್ಟರ್ ಕೇಳಿದ, "ನಿಮ್ಮ ಕಡೆ ಹೆಂಗಸರು ಹೇಗೆ ಅಳ್ತಾರೆ? ಒಂಚೂರು ತೋರ್ಸು."

ತೋರಿಸಿದೆ. ನಾನು ಮಾಡಿದ ತಪ್ಪು ಅದು. ಸಾವಿನ ಮನೆಯ ಅಂಗಳದಲ್ಲಿ ಹೆಂಗಸರು ಒಬ್ಬರನ್ನೊಬ್ಬರು ತಬ್ಬಿ ಎತ್ತುವ ದನಿಯನ್ನು, ಕಾಫಿ ಕಪ್ಪು ಹಿಡಿದು ಕುಳಿತ ಹನ್ನೊಂದು ಜನರ ಮುಂದೆ ಒಬ್ಬಳೇ ಎತ್ತಿದೆ. ಎಲ್ಲರೂ ಕಣ್ಣು ಒರೆಸಿಕೊಂಡರು. ಅಲಿಸ್ಟರ್ ನನ್ನ ಎರಡೂ ಕೈ ಹಿಡಿದು, "ಇದೇ, ಇದೇ ಬೇಕಾಗಿದ್ದು" ಅಂದ. ನನಗೆ ಹೆಮ್ಮೆಯಾಯಿತು. ಸುಳ್ಳು ಹೇಳುವುದಿಲ್ಲ, ಬಹಳ ಹೆಮ್ಮೆಯಾಯಿತು.

ಆ ಮಗನ ಪಾತ್ರಕ್ಕೂ ನನ್ನ ತಮ್ಮನಿಗೂ ಒಂದೇ ಹೆಸರು. ಬರೆದವನಿಗೆ ನನ್ನ ತಮ್ಮ ಗೊತ್ತಿರಲಿಲ್ಲ. ಹಾಗೆ ಬಂದು ಕೂತಿತ್ತು. ತಮ್ಮನಿಗೆ ಅದೊಂದು ದೊಡ್ಡ ತಮಾಷೆ. ಭಾನುವಾರ ಭಾನುವಾರ ಫೋನು ಮಾಡುತ್ತಿದ್ದ.

"ಅಕ್ಕಾ, ಈ ವಾರ ನನ್ನ ಎಷ್ಟು ಸಲ ಸಾಯ್ಸಿದೆ?"

"ಆರು ಆಟ ಆಯ್ತು ಕಣೋ."

"ಅಂದ್ರೆ ನಲವತ್ತೆರಡು ಸಲ ಕರೆದಿದ್ದೀಯ. ನಾನು ಒಂದ್ಸಲನಾದ್ರೂ ಓಗೊಟ್ಟೆನಾ? ಇಲ್ಲ. ಎಂಥ ಸೊಕ್ಕು ನೋಡು ನಂದು!"

ಆಮೇಲೆ ಕೆಮ್ಮು ಬರುವ ತನಕ ನಗುತ್ತಿದ್ದ. ವಾರಕ್ಕೆ ಮೂರು ದಿನ ಡಯಾಲಿಸಿಸ್ ಯಂತ್ರಕ್ಕೆ ಕೈ ಕೊಟ್ಟು ಮಲಗುವವನು. ನಲವತ್ತನಾಲ್ಕು ವರ್ಷ. ನಮ್ಮ ಕ್ಯಾಂಪಿನಲ್ಲಿ ಆ ವಯಸ್ಸಿಗೆ ಮೂತ್ರಪಿಂಡ ಹೋಗುವುದು ಕೂದಲು ನರೆತಷ್ಟೇ ಮಾಮೂಲು. ಪಕ್ಕದ ಹಾಸಿಗೆಯವರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದನಂತೆ, "ಅಡಿಲೇಡಲ್ಲಿ ಬಿಳೀ ಹೆಂಗಸ್ರು ನನ್ನ ಹೆಸರು ಕೇಳಿದ್ರೆ ಗೊಳೋ ಅಂತ ಅಳ್ತಾರೆ ಗೊತ್ತಾ?"

ಈ ಜುಲೈನಲ್ಲಿ ಅದೇ ನಾಟಕವನ್ನು ಅಡಿಲೇಡಿನಲ್ಲಿ ಮತ್ತೆ ಎತ್ತಿದರು. ಆಟದ ಮೂರನೆಯ ವಾರ. ಮಂಗಳವಾರ ಬೆಳಿಗ್ಗೆ ಬೆರಿಲ್ ಫೋನು ಮಾಡಿದಳು. ಬೆರಿಲ್ ಅವನ ಅಕ್ಕ, ನನಗಿಂತ ಎರಡು ವರ್ಷ ಚಿಕ್ಕವಳು.

"ಲೋರ್ನಾ, ಕೂತ್ಕೊಂಡಿದ್ದೀಯಾ?"

ಅಷ್ಟು ಸಾಕಾಯಿತು. ಅವಳು ಹೆಸರು ಹೇಳಲಿಲ್ಲ, ನಾನು ಕೇಳಲಿಲ್ಲ. ಆಮೇಲೆ ಅವಳೇ ಅಂದಳು, "ಅಮ್ಮ ಮನೆ ಬಿಟ್ಟು ಹೊರಗೆ ಕೂತಿದ್ದಾಳೆ. ಎಲ್ರೂ ಬರ್ತಿದ್ದಾರೆ. ನೀನು ಬಾ." ಇಡುವ ಮುಂಚೆ ದನಿ ತಗ್ಗಿಸಿ, "ಅಲ್ಲಿ ಆ ಹೆಸರು ಕರೀಬೇಡ ಕಣೇ" ಅಂದಳು.

ಅಲಿಸ್ಟರನ ಕೋಣೆಗೆ ಹೋದೆ. ತಮ್ಮ ಹೋದ, ಊರಿಗೆ ಹೋಗಬೇಕು ಎಂದೆ. ಎದ್ದು ಬಂದು ತಬ್ಬಿಕೊಂಡ. ಒಳ್ಳೆಯವನೇ. ಕುರ್ಚಿ ಎಳೆದು ಕೂರಿಸಿದ. ಕಾಗದವೊಂದನ್ನು ತೆಗೆದ.

"ಸ್ವಂತ ತಮ್ಮನಾ?"

"ಹೌದು."

"ಒಂದೇ ತಾಯಿ ಮಕ್ಕಳಾ?"

"ದೊಡ್ಡಮ್ಮನ ಮಗ."

ಅವನ ಮುಖ ಸಡಿಲವಾಯಿತು. "ಹಾಗಾದ್ರೆ ಕಸಿನ್."

"ತಮ್ಮ."

"ಲೋರ್ನಾ, ನಿನ್ನ ಸಂಕಟ ನಂಗೆ ಅರ್ಥ ಆಗುತ್ತೆ. ಆದ್ರೆ ಕರಾರಲ್ಲಿ ತಾಯಿ, ತಂದೆ, ಗಂಡ, ಮಕ್ಕಳು, ಒಡಹುಟ್ಟಿದೋರು ಅಂತಿದೆ. ಕಸಿನ್‌ಗೆ ರಜಾ ಅಂದ್ರೆ ಎಲ್ರೂ ಕೇಳ್ತಾರೆ. ನಿನ್ನ ಪಾತ್ರಕ್ಕೆ ಬದಲಿ ಬೇರೆ ಇಲ್ಲ. ಎರಡು ವಾರ ತಡ್ಕೊ. ನಿಮ್ಮ ಕಡೆ ಮಣ್ಣು ಮಾಡೋದು ಹೇಗಿದ್ರೂ ತಡ ಅಲ್ವಾ?"

ದೊಡ್ಡಮ್ಮ ಎಂದರೆ ಅಮ್ಮನೇ. ನನ್ನಮ್ಮ ಆಸ್ಪತ್ರೆ ಸೇರಿದಾಗ ನಾನು ಉಂಡದ್ದು ಅವಳ ಕೈಯಲ್ಲಿ. ಅವನ ಮೂಗು ಒರೆಸಿದ್ದು ನಾನು. ಅವನು ನಡೆದದ್ದು ನನ್ನ ಬೆರಳು ಹಿಡಿದು. ಇದನ್ನೆಲ್ಲ ಆ ಕಾಗದದ ಯಾವ ಸಾಲಿನಲ್ಲಿ ತುಂಬಿಸುವುದು? ಅವರ ಭಾಷೆಯಲ್ಲಿ ಅದಕ್ಕೆ ಜಾಗವೇ ಇಲ್ಲ.

"ಹೋಗ್ಲಿ, ಹೆಸರಾದ್ರೂ ಬದ್ಲಾಯ್ಸಿ" ಅಂದೆ. "ಅದನ್ನ ನಾನು ಹೇಳೋ ಹಾಗಿಲ್ಲ. ಕುಮಂಜೈ ಅಂತೀನಿ."

"ಬರೆದವನ ಮನೆಯೋರು ಒಂದಕ್ಷರ ಮುಟ್ಟೋಕೆ ಬಿಡಲ್ಲ. ಅಲ್ದೆ ಆ ಮಾತು ಜನಕ್ಕೆ ಅರ್ಥ ಆಗಲ್ಲ." ನನ್ನ ಭುಜ ತಟ್ಟಿದ. "ನಿನ್ನ ನೋವನ್ನ ರಂಗದ ಮೇಲೆ ತಗೊಂಡು ಬಾ. ಅದಕ್ಕಿಂತ ದೊಡ್ಡ ಗೌರವ ಏನಿದೆ ಅವನಿಗೆ?"

ಆಗಲೇ ಎದ್ದು ಹೋಗಬೇಕಿತ್ತು. ಹೋಗಲಿಲ್ಲ. ಐವತ್ತೆರಡು ವರ್ಷದ ಕರಿಯ ಹೆಂಗಸು ಒಂದು ಕಂಪನಿ ಬಿಟ್ಟರೆ ಇನ್ನೊಂದು ಕರೆಯುವುದಿಲ್ಲ. ಹೆಣ ಬಿದ್ದರೂ ಆಟ ನಿಲ್ಲಬಾರದು ಎಂದು ಇಪ್ಪತ್ತಾರು ವರ್ಷ ಕೇಳಿ ಕೇಳಿ ನನ್ನ ತಲೆಯೂ ಅದೇ ಹೇಳುತ್ತಿತ್ತು. ತುಟಿ ಆಡಿಸಿ ದನಿ ಹೊರಡಿಸದೆ ಇದ್ದರಾಯಿತು ಎಂದುಕೊಂಡೆ.

ದಿನಾ ಪರದೆ ಏಳುವ ಮುಂಚೆ ಅಲಿಸ್ಟರ್ ರಂಗದ ಮೇಲೆ ಬಂದು, ಈ ನೆಲದ ಮೂಲ ಒಡೆಯರಿಗೆ, ಅವರ ಹಿರಿಯರಿಗೆ ಗೌರವ ಸಲ್ಲಿಸುತ್ತಾನೆ. ಮಂಗಳವಾರವೂ ಸಲ್ಲಿಸಿದ. ನಾನು ಪಕ್ಕದ ಕತ್ತಲೆಯಲ್ಲಿ ನಿಂತು ಕೇಳಿಸಿಕೊಂಡೆ. ಎಂಟೂವರೆಗೆ ಮಗನನ್ನು ಕರೆಯುವ ಆ ಜಾಗ ಬಂತು. ಬಾಯಿ ತೆರೆದೆ. ದನಿ ತಾನಾಗಿ ಹೊರಟಿತು. ನಾಲಿಗೆಗೆ ರೂಢಿಯಾದದ್ದು ನನ್ನನ್ನು ಕೇಳಲಿಲ್ಲ. ಏಳು ಸಲವೂ ಕರೆಯಿತು. ಮಂಡಿ ಟೇಪಿನ ಗುರುತಿಗೆ ಸರಿಯಾಗಿ ಬಿತ್ತು. ಜನ ಎದ್ದು ನಿಂತು ಚಪ್ಪಾಳೆ ಹೊಡೆದರು.

ಬುಧವಾರವೂ ಅಷ್ಟೇ. ಗುರುವಾರವೂ ಅಷ್ಟೇ. ಇಪ್ಪತ್ತೊಂದು ಸಲ.

ಗುರುವಾರ ಬೆಳಿಗ್ಗೆ ಬೆರಿಲ್ ಫೋನು ಮಾಡಿ ಕೇಳಿದ್ದಳು, "ಅಲ್ಲಿ ಕರೀತಿಲ್ಲ ತಾನೆ?"

"ಇಲ್ಲ. ಹೆಸರು ಬದ್ಲಾಯ್ಸಿದ್ದಾರೆ."

"ಸದ್ಯ. ಅಷ್ಟಾದ್ರೂ ಮನುಷ್ಯತ್ವ ಇದ್ಯಲ್ಲ ಅವ್ರಿಗೆ."

ನನ್ನ ಕೋಣೆ ನದಿಯ ಪಕ್ಕದ ಮೋಟೆಲಿನಲ್ಲಿ. ಈ ಊರಿನ ನೆಲ ಕೌರ್ನಾ ಎಂಬ ಬೇರೆ ಮೂಲ ಜನರದ್ದು, ನನ್ನದಲ್ಲ. ಅತ್ತರೆ ಜೊತೆಗೆ ಅಳಲು ಒಬ್ಬ ಹೆಂಗಸೂ ಇಲ್ಲ. ನಮ್ಮಲ್ಲಿ ಒಬ್ಬಳೇ ಅಳುವುದು ಎಂಬುದೇ ಇಲ್ಲ. ತಬ್ಬಿಕೊಳ್ಳಲು ಇನ್ನೊಂದು ಮೈ ಬೇಕು. ದಿಂಬು ತಬ್ಬಿ ನೋಡಿದೆ. ನಾಚಿಕೆಯಾಗಿ ಎತ್ತಿಟ್ಟೆ.

ಶುಕ್ರವಾರ ಮಧ್ಯಾಹ್ನದ ಆಟ. ಒಳಗೆ ಬಂದರೆ ಮುಂಬಾಗಿಲ ಹಜಾರದಲ್ಲಿ ಮೇಜು, ಮೇಜಿನ ಮೇಲೆ ಹೂವು, ಹೂವಿನ ನಡುವೆ ನನ್ನ ತಮ್ಮ ನಗುತ್ತಿದ್ದಾನೆ. ಯಾರೋ ಅಂತರ್ಜಾಲದಿಂದ ಫೋಟೋ ತೆಗೆದು ದೊಡ್ಡದು ಮಾಡಿಸಿದ್ದರು. ಕೆಳಗೆ ದಪ್ಪಕ್ಷರದಲ್ಲಿ ಅವನ ಪೂರ್ತಿ ಹೆಸರು. ಇಂದಿನ ಪ್ರದರ್ಶನ ಅವನ ನೆನಪಿಗೆ ಅರ್ಪಣೆ. ರಂಗದ ಮೇಲ್ವಿಚಾರಣೆಯ ಹುಡುಗಿ ಪಿಪ್ ಪಕ್ಕದಲ್ಲಿ ನಿಂತಿದ್ದಳು, ಕಣ್ಣು ತುಂಬಿಕೊಂಡು.

"ನಿಮಗೆ ಹೇಳ್ದೇ ಮಾಡಿದ್ವಿ. ಸರ್‌ಪ್ರೈಸ್ ಆಗ್ಲಿ ಅಂತ. ಚೆನ್ನಾಗಿದ್ಯಾ?"

ನಾನು ಫೋಟೋವನ್ನು ತೆಗೆದು ಗೋಡೆ ಕಡೆ ಮುಖ ಮಾಡಿಸಿದೆ. ಹೆಸರಿನ ಹಾಳೆ ಹರಿದೆ. ಪಿಪ್‌ನ ಬಾಯಿ ತೆರೆದದ್ದು ತೆರೆದೇ ಇತ್ತು. ಅವಳನ್ನು ಬೈಯಲಿಲ್ಲ. ಬೈಯಲು ಶಕ್ತಿ ಇದ್ದಿದ್ದರೆ ಬೈಯುತ್ತಿದ್ದೆ.

ಅಂದು ಆ ಜಾಗ ಬಂದಾಗ ಎರಡು ಕೈಯಿಂದ ನನ್ನ ಬಾಯಿ ಮುಚ್ಚಿಕೊಂಡೆ.

ನಿಂತೆ. ಎದುರಿಗೆ ಶಾಲೆಯ ಮಕ್ಕಳು, ಕೋಲು ಹಿಡಿದ ಮುದುಕರು. ದೀಪ ಕಣ್ಣಿಗೆ ಹೊಡೆಯುತ್ತಿತ್ತು. ಪಕ್ಕದಿಂದ ಪಿಪ್ ಮಾತು ಎತ್ತಿಕೊಡುತ್ತಿದ್ದಳು. ಎತ್ತಿಕೊಡಲು ಇದ್ದದ್ದೂ ಅದೇ ಹೆಸರು. ಒಂದು ಸಲ. ಎರಡು ಸಲ. ಬಾಯಿ ಮುಚ್ಚಿದ ಕೈ ತೆಗೆದು ಕಿವಿ ಮುಚ್ಚಿಕೊಂಡೆ. ಹಾಗೇ ನಿಂತೆ. ಮಂಡಿ ಊರಲಿಲ್ಲ. ಕಲ್ಲು ಮುಟ್ಟಲಿಲ್ಲ. ಎಷ್ಟು ಹೊತ್ತೋ ಗೊತ್ತಿಲ್ಲ. ಕೊನೆಗೆ ಯಾರೋ ದೀಪ ಆರಿಸಿದರು.

ಆಮೇಲೆ ಆ ಚಪ್ಪಾಳೆ! ಇಪ್ಪತ್ತಾರು ವರ್ಷದಲ್ಲಿ ಅಂಥ ಚಪ್ಪಾಳೆ ನನಗೆ ಬಿದ್ದಿರಲಿಲ್ಲ. ಮುದುಕರು ಬಿಕ್ಕುತ್ತಿದ್ದರು. ಮಕ್ಕಳು ಬೆಂಚು ಹತ್ತಿ ನಿಂತಿದ್ದರು.

ಅಲಿಸ್ಟರ್ ನನ್ನ ಕೋಣೆಗೆ ಓಡಿ ಬಂದ. ಕೆಲಸದಿಂದ ತೆಗೆಯುತ್ತಾನೆ ಎಂದುಕೊಂಡೆ. ಅವನ ಕೆನ್ನೆ ಒದ್ದೆಯಾಗಿತ್ತು.

"ಲೋರ್ನಾ! ಆ ಮೌನ! ಎಲ್ಲಿಟ್ಟಿದ್ದೆ ಅದನ್ನ ಇಷ್ಟು ದಿನ? ಸಂಜೇನೂ ಹಾಗೇ ಮಾಡು. ದಿನಾ ಮಾಡು. ಒಂದೇ ಒಂದು ಬದಲಾವಣೆ. ಮೊದಲು ಒಂದ್ಸಲ ಹೆಸರು ಕರಿ. ಒಂದೇ ಸಲ, ಮೆಲ್ಲಗೆ. ಆಮೇಲೆ ಮೌನ. ಇಲ್ದಿದ್ರೆ ಯಾಕೆ ಸುಮ್ಮನಾದೆ ಅಂತ ಗೊತ್ತಾಗಲ್ಲ."

ಉರಿಯುವ ಮನೆಯಲ್ಲಿ ಗಳ ಹಿರಿಯುವುದು ಎಂದರೆ ಇದು. ನನ್ನ ಅಳು ತೆಗೆದುಕೊಂಡಿದ್ದರು. ಈಗ ಅಳದೇ ಇದ್ದದ್ದನ್ನೂ ತೆಗೆದುಕೊಂಡರು. ನಾನು ಆಡುವುದಿಲ್ಲ ಎಂದರೂ ಅದು ಅವರಿಗೆ ಆಟ.

ಮೇಜಿನ ಮೇಲೆ ನಾಟಕದ ಬಟ್ಟೆ ಹೊಲಿಯುವವಳ ಕತ್ತರಿ ಇತ್ತು. ನಮ್ಮಲ್ಲಿ ಸಾವಾದರೆ ಹೆಂಗಸರು ಕೂದಲು ಕತ್ತರಿಸುತ್ತಾರೆ. ಕರಾರಿನ ಪ್ರಕಾರ ನನ್ನ ಕೂದಲು ನನ್ನದಲ್ಲ, ಪೋಸ್ಟರಿನಲ್ಲಿ ಇರುವ ಹಾಗೆ ಇರಬೇಕು. ಕತ್ತರಿ ತೆಗೆದುಕೊಂಡೆ. ಅವನು ನೋಡುತ್ತಿದ್ದ ಹಾಗೇ ಬಲಗಡೆಯ ಹಿಡಿ ಕತ್ತರಿಸಿದೆ. ಆಮೇಲೆ ಎಡಗಡೆಯದು. ಆಮೇಲೆ ನಡುನೆತ್ತಿಯದು. ಎರಡು ಕಡೆ ಚರ್ಮಕ್ಕೂ ತಾಗಿತು. ಕನ್ನಡಿಯ ಬಲ್ಬುಗಳ ಕೆಳಗೆ ನರೆತ ಗುಂಗುರು ಕೂದಲು ಬೀಳುತ್ತಾ ಹೋಯಿತು.

"ಪಿಪ್!" ಎಂದು ಅಲಿಸ್ಟರ್ ಕೂಗಿದ. "ಸಂಜೆಗೆ ಒಂದು ವಿಗ್ ನೋಡಮ್ಮ, ಬೇಗ!"

"ವಿಗ್ ನೀನೇ ಹಾಕ್ಕೊ" ಅಂದೆ. "ಸ್ಕರ್ಟೂ ಇಲ್ಲೇ ಬಿಟ್ಟು ಹೋಗ್ತೀನಿ, ಅದನ್ನೂ ನೀನೇ ಹಾಕ್ಕೊ. ನೀನೇ ಕರಿ. ನೀನೇ ಅಳು. ನಿನ್ನ ಮನೇಲಿ ಯಾರೂ ಸತ್ತಿಲ್ವಾ?"

ಮುಖದ ಬಣ್ಣ ತೊಳೆಯದೆ ಹೊರಟೆ. ಆರು ಗಂಟೆಗೆ ಬಸ್ಸು. ಇಪ್ಪತ್ತು ಗಂಟೆ ದಾರಿ. ಪಕ್ಕದ ಸೀಟಿನ ಹೆಂಗಸು ನನ್ನ ತಲೆ ನೋಡಿ ಹಿಂದಿನ ಸೀಟಿಗೆ ಹೋದಳು. ಕೂಬರ್ ಪೀಡಿ ದಾಟಿದ ಮೇಲೆ ಕೆಂಪು ಮಣ್ಣಿನ ಮೇಲೆ ಬಿಸಿಲು ಬಂತು. ಮಂಡಿ ಸಿಡಿಯುತ್ತಿತ್ತು. ಎಲ್ಲರನ್ನು ಸೇರಿದ ಮೇಲೆ ಅಳುತ್ತೇನೆ, ಅಲ್ಲಿಯವರೆಗೆ ತಡೆದುಕೋ ಎಂದು ನನಗೆ ನಾನೇ ಹೇಳಿಕೊಂಡೆ.

ಕ್ಯಾಂಪಿನ ಅಂಗಳದಲ್ಲಿ ಬೆಂಕಿ ಹಾಕಿ ಹೆಂಗಸರು ಕಂಬಳಿ ಹೊದ್ದು ಕುಳಿತಿದ್ದರು. ಎಲ್ಲರ ತಲೆಯೂ ನನ್ನ ಹಾಗೇ. ತಮ್ಮನ ಮನೆ ಬಾಗಿಲು ಹಾಕಿತ್ತು. ಸೊಪ್ಪಿನ ಹೊಗೆ ಹಾಕಿ ಶುದ್ಧ ಮಾಡುವ ತನಕ ಅಲ್ಲಿ ಯಾರೂ ಕಾಲಿಡುವುದಿಲ್ಲ. ನನ್ನನ್ನು ಕಂಡದ್ದೇ ಎಲ್ಲರೂ ಎದ್ದರು. ಯಾರು ಬಂದರೂ ಅಳು ಹೊಸದಾಗಿ ಏಳಬೇಕು. ಬಂದವಳು ಮೊದಲು ಎತ್ತಬೇಕು.

ದೊಡ್ಡಮ್ಮನ ಮುಂದೆ ಮಂಡಿ ಊರಿದೆ. ಎಡಮಂಡಿ ಮೊದಲು. ಬಾಯಿ ತೆರೆದೆ. ದನಿ ಹೊಟ್ಟೆಯ ಆಳದಿಂದ ಬಂತು, ಎಲ್ಲಿ ಏರಬೇಕೋ ಅಲ್ಲಿ ಏರಿತು, ಎಲ್ಲಿ ಒಡೆಯಬೇಕೋ ಅಲ್ಲಿ ಒಡೆಯಿತು. ನನ್ನ ಮುಖ ತಾನಾಗಿ ಬೆಂಕಿಯ ಬೆಳಕಿನ ಕಡೆ ತಿರುಗಿತು. ಕೊನೆಯ ಸಾಲಿನವನಿಗೂ ಕಾಣುವ ಹಾಗೆ.

ಯಾರೂ ದನಿಗೂಡಿಸಲಿಲ್ಲ.

ದೊಡ್ಡಮ್ಮ ಕೈ ಚಾಚಿ ನನ್ನ ಬಾಯಿ ಮುಚ್ಚಿದಳು. ಬೂದಿ ವಾಸನೆಯ, ಒರಟು ಕೈ. ಮಗ ಸತ್ತ ದಿನದಿಂದ ಅವಳು ಮಾತು ಬಿಟ್ಟಿದ್ದಳು. ಹಳೆಯ ಕ್ರಮ ಅದು. ಏನಿದ್ದರೂ ಕೈಸನ್ನೆ. ನಾಟಕದ ತಾಯಿ ಏಳು ಸಲ ಕೂಗುತ್ತಾಳೆ. ನಮ್ಮ ತಾಯಿ ತಿಂಗಳುಗಟ್ಟಲೆ ತುಟಿ ಬಿಚ್ಚುವುದಿಲ್ಲ. ಇನ್ನೊಂದು ಕೈಯಲ್ಲಿ ಅವಳು ಸನ್ನೆ ಮಾಡಿದಳು: ಬೇಡ. ಇದಲ್ಲ.

ಬೆರಿಲ್ ನನ್ನನ್ನು ಪಕ್ಕಕ್ಕೆ ಎಳೆದು ಕೂರಿಸಿದಳು. ಡಬರಿಯಿಂದ ಟೀ ಬಗ್ಗಿಸಿ ಕೊಟ್ಟಳು.

"ಮೂರು ದಿನ ಈ ನಾಯಿಗಳು ಮಲಗೋಕೆ ಬಿಡ್ಲಿಲ್ಲ" ಅಂದಳು. "ಸರಿಯಾಗಿ ಎಂಟೂವರೆಗೆ ಶುರು. ಆ ಖಾಲಿ ಮನೆ ಕಡೆ ಮುಖ ಮಾಡ್ಕೊಂಡು ಬೊಗಳೋದು. ಯಾರೋ ಅವನನ್ನ ಕರೀತಿದ್ದಾರೆ, ಹೋಗೋಕೆ ಬಿಡ್ತಿಲ್ಲ ಅಂತ ಅಮ್ಮ ಸನ್ನೆ ಮಾಡಿದ್ಲು. ನಿನ್ನೆ ಸುಮ್ಮನಾದ್ವು."

ನಾನು ಟೀ ಲೋಟ ಕೆಳಗಿಟ್ಟೆ.

"ಫೋನಲ್ಲಿ ಸುಳ್ಳು ಹೇಳಿದ್ಯಾ ಲೋರ್ನಾ?"

"ಹ್ಞೂಂ."

ಅವಳು ಹೊಡೆದಿದ್ದರೆ ಚೆನ್ನಾಗಿತ್ತು. ಹೊಡೆಯಲಿಲ್ಲ. ನನ್ನ ತಲೆಯ ಮೇಲೆ ಒಣಗಿದ್ದ ರಕ್ತವನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ಎದ್ದು ಹೋದಳು. ಆಮೇಲೆ ಮೂರು ದಿನ ಎಲ್ಲರ ನಡುವೆಯೇ ಕುಳಿತಿದ್ದೆ. ರೊಟ್ಟಿ ಕೊಟ್ಟರು, ಕಂಬಳಿ ಕೊಟ್ಟರು. ಹೊಸಬರು ಬಂದಾಗೆಲ್ಲ ಹೆಂಗಸರು ತಬ್ಬಿಕೊಂಡು ಅತ್ತರು. ನನಗೆ ಒಂದು ಹನಿ ಬರಲಿಲ್ಲ. ಹತ್ತು ಜನರ ಬಿಸಿ ಉಸಿರು ನನ್ನ ಕತ್ತಿಗೆ ತಾಗುತ್ತಿತ್ತು. ಮೋಟೆಲಿನ ಕೋಣೆಯಲ್ಲೂ ನಾನು ಇಷ್ಟು ಒಂಟಿಯಾಗಿರಲಿಲ್ಲ.

ಮಂಗಳವಾರ ಮಧ್ಯಾಹ್ನ ಪಿಪ್‌ನ ಸಂದೇಶ ಬಂತು. ನನ್ನದೇನೂ ತಪ್ಪಿಲ್ಲವಂತೆ, ಯಾರಿಗೂ ಕೋಪ ಇಲ್ಲವಂತೆ. ಸಿಡ್ನಿಯಿಂದ ಒಬ್ಬಳು ಸಿಕ್ಕಿದ್ದಾಳೆ. ಈ ಸಂಜೆಯಿಂದ ಆಟ ಮತ್ತೆ ಶುರು. ಕಂಪನಿಯವರು ದಾಖಲೆಗೆಂದು ವರ್ಷಗಳ ಹಿಂದೆ ನನ್ನ ಆಟವನ್ನು ಚಿತ್ರೀಕರಿಸಿ ಇಟ್ಟಿದ್ದರಂತೆ. ಅದನ್ನು ನೋಡಿ ನೋಡಿ ಅವಳು ಅಳು ಕಲಿತಿದ್ದಾಳೆ. ಕಣ್ಣು ಮುಚ್ಚಿ ಕೇಳಿದರೆ ನೀವೇ ಅನ್ನಿಸುತ್ತೆ, ನಿಮಗೆ ಸಂತೋಷ ಆಗಬಹುದು ಅಂತ ಹೇಳಿದೆ, ಎಂದು ಬರೆದಿದ್ದಳು.

ಆಡಿದ್ದು ಆ ದಿನವೇ ಮುಗಿಯುತ್ತದೆ ಎಂದು ನಂಬಿದ್ದೆ! ಸಿಡ್ನಿಯವಳು ಕೂಡ ನಮ್ಮಂಥವಳೇ ಇರಬೇಕು. ಅವಳಿಗೂ ಹೊಟ್ಟೆ ಇದೆ. ಅವಳಿಗೂ ಯಾರೋ ಕೈ ಹಿಡಿದು, ಇದೇ ಬೇಕಾಗಿದ್ದು ಅಂದಿರುತ್ತಾರೆ.

ಎಂಟೂವರೆಗೆ ನಾಯಿಗಳು ಎದ್ದವು.

ಮೊದಲು ಕುಂಟ ನಾಯಿ, ಆಮೇಲೆ ಉಳಿದವು. ಬಾಗಿಲು ಹಾಕಿದ ಮನೆಯ ಕಡೆ ಮುಖ ಮಾಡಿ ಬೊಗಳಿದವು. ನಾನು ಬೆರಳು ಮಡಚಿದೆ. ಒಂದು. ಎರಡು. ಬೆಂಕಿಯ ಆಚೆಯಿಂದ ದೊಡ್ಡಮ್ಮ ಕೈ ಎತ್ತಿ ಅಂಗೈ ತಿರುಗಿಸಿದಳು: ಯಾರು?

ನಾನು ನನ್ನ ಎದೆ ಮುಟ್ಟಿದೆ.

ನಾನು.

ಅವಳು ನನ್ನನ್ನು ನೋಡಿದಳು. ಆಮೇಲೆ ದಾರಿಯ ಕಡೆ ಗದ್ದ ಎತ್ತಿ ತೋರಿಸಿದಳು. ಹೋಗು.

ಬೆಳಿಗ್ಗೆ ಹತ್ತೂವರೆಯ ಅಡಿಲೇಡ್ ಬಸ್ಸಿಗೆ ಕುಳಿತಿದ್ದೇನೆ. ಬೋಳು ತಲೆ, ಊದಿದ ಮಂಡಿ, ಕೈಯಲ್ಲಿ ಒಂದು ಚೀಲ. ಗುರುವಾರದ ಆಟಕ್ಕೆ ಮುಂದಿನ ಸಾಲಿನಲ್ಲಿ ಒಂದು ಟಿಕೆಟ್ ತೆಗೆದುಕೊಳ್ಳುತ್ತೇನೆ. ಆ ಜಾಗ ಎಲ್ಲಿ ಬರುತ್ತದೆಂದು ನನಗಿಂತ ಚೆನ್ನಾಗಿ ಗೊತ್ತಿರುವವರು ಯಾರೂ ಇಲ್ಲ. ಅವಳು ಟೇಪಿನ ಗುರುತಿಗೆ ಬಂದು ನಿಂತು ಉಸಿರು ಎಳೆದುಕೊಳ್ಳುತ್ತಾಳೆ. ಅಷ್ಟರೊಳಗೆ ಮೆಟ್ಟಿಲು ಹತ್ತಿ ಹೋಗಿ ಅವಳ ಬಾಯಿ ಮುಚ್ಚುತ್ತೇನೆ, ದೊಡ್ಡಮ್ಮ ನನ್ನದನ್ನು ಮುಚ್ಚಿದ ಹಾಗೆ. ಚಪ್ಪಾಳೆ ಹೊಡೆದರೆ ಹೊಡೆದುಕೊಳ್ಳಲಿ. ಅವರು ಸುಸ್ತಾಗಿ ಮನೆಗೆ ಹೋಗುವ ತನಕ ಕೈ ತೆಗೆಯುವುದಿಲ್ಲ.